ಓಮ್ ನಿಯಮ ಮತ್ತು ವಿದ್ಯುತ್ ಸಾಮರ್ಥ್ಯದ ಲೆಕ್ಕಾಚಾರ

ವಿದ್ಯುನ್ಮಂಡಲದ ಯಾವುದೇ ಘಟಕದ ಎರಡು ತುದಿಗಳ ನಡುವಿನ ವಿಭವಾಂತರ (ವೋಲ್ಟೇಜ್) ಹಾಗೂ ಅದರ ಮೂಲಕ ಹರಿಯುವ ವಿದ್ಯುತ್ ಪ್ರವಾಹ (ಕರೆಂಟ್) ತಿಳಿದಿದ್ದರೆ, ಆ ಘಟಕದ ರೋಧವನ್ನೂ ಅದು ಬಳಸಿಕೊಳ್ಳುವ ಸಾಮರ್ಥ್ಯವನ್ನೂ ಲೆಕ್ಕ ಹಾಕಬಹುದು. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧವೂ, ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯವೂ ದೊರೆಯುತ್ತವೆ. ವಿಭವಾಂತರವನ್ನು ವೋಲ್ಟ್‌ಗಳಲ್ಲಿ, ಪ್ರವಾಹವನ್ನು ಆಂಪಿಯರ್‌ಗಳಲ್ಲಿ, ರೋಧವನ್ನು ಓಮ್‌ಗಳಲ್ಲಿ ಮತ್ತು ಸಾಮರ್ಥ್ಯವನ್ನು ವ್ಯಾಟ್‌ಗಳಲ್ಲಿ ಅಳೆಯಲಾಗುತ್ತದೆ. ಪ್ರವಾಹವು ಮಿಲಿಆಂಪಿಯರ್‌ನಲ್ಲಿದ್ದರೆ ಮೊದಲು ಅದನ್ನು 1000ದಿಂದ ಭಾಗಿಸಿ ಆಂಪಿಯರ್‌ಗೆ ತರಬೇಕು. ಪರೀಕ್ಷೆಗಳಲ್ಲಿ ತಪ್ಪುಗಳು ಹೆಚ್ಚಾಗಿ ಇಲ್ಲಿಯೇ ಆಗುತ್ತವೆ.

ಇತಿಹಾಸ

ಈ ಸಂಬಂಧವನ್ನು ಪ್ರಯೋಗಗಳಿಂದ ಸ್ಥಾಪಿಸಿದವರು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ (1789–1854). ಕಲೋನ್ ನಗರದಲ್ಲಿ ಶಾಲಾ ಅಧ್ಯಾಪಕರಾಗಿದ್ದಾಗ ಅವರು ಮೊದಲು ವೋಲ್ಟಾ ಕೋಶಗಳನ್ನು ಬಳಸಿದರು. ಅವುಗಳ ವಿಭವಾಂತರ ಸ್ಥಿರವಾಗಿ ನಿಲ್ಲದ ಕಾರಣ ಫಲಿತಾಂಶಗಳು ಹೊಂದಿಕೆಯಾಗಲಿಲ್ಲ. ಬಳಿಕ ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮವೊಂದನ್ನು ಮಾಡಿ, ಅದರ ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ ಸ್ಥಿರವಾದ ಆಕರವನ್ನು ಪಡೆದರು. 1827ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ಸ್ವದೇಶದಲ್ಲಿ ತಕ್ಷಣ ಮನ್ನಣೆ ಸಿಗಲಿಲ್ಲ. ಓಮ್ ಕಲೋನ್‌ನ ಹುದ್ದೆಯನ್ನು ತೊರೆದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ನೀಡಿತು. ಪ್ರವಾಹದಿಂದ ಉಂಟಾಗುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ ಸರಿಸುಮಾರು ಅದೇ ಕಾಲದಲ್ಲಿ ತೋರಿಸಿದರು.

ಲೆಕ್ಕದ ಕ್ರಮ

ರೋಧ = ವಿಭವಾಂತರ ÷ ಪ್ರವಾಹ
ಸಾಮರ್ಥ್ಯ = ವಿಭವಾಂತರ × ಪ್ರವಾಹ

ಇವೆರಡನ್ನು ಸೇರಿಸಿದರೆ, ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಅಥವಾ ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದಷ್ಟು ಎಂಬ ರೂಪಗಳೂ ಸಿಗುತ್ತವೆ.

ಸ್ನಾನದ ನೀರು ಕಾಯಿಸುವ ಗೀಸರ್ ಒಂದು 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳೋಣ. ಅದರ ತಂತುವಿನ ರೋಧ 230 ÷ 8.7, ಅಂದರೆ ಸುಮಾರು 26.4 ಓಮ್, ಸಾಮರ್ಥ್ಯ 230 × 8.7, ಅಂದರೆ ಸುಮಾರು 2000 ವ್ಯಾಟ್. ಅರ್ಧ ಗಂಟೆ ನಡೆದರೆ ಅದು ಒಂದು ಯೂನಿಟ್ (ಒಂದು ಕಿಲೋವ್ಯಾಟ್ ಗಂಟೆ) ವಿದ್ಯುತ್ತನ್ನು ಬಳಸುತ್ತದೆ. ಸಂಜೆಯ ವೇಳೆ ವೋಲ್ಟೇಜ್ 180ಕ್ಕೆ ಕುಸಿದರೆ ರೋಧ ಬಹುತೇಕ ಹಾಗೆಯೇ ಉಳಿಯುತ್ತದೆ, ಆದರೆ ಸಾಮರ್ಥ್ಯ 180 × 180 ÷ 26.4, ಅಂದರೆ ಸುಮಾರು 1230 ವ್ಯಾಟ್‌ಗೆ ಇಳಿಯುತ್ತದೆ. ವೋಲ್ಟೇಜ್ ಐದರಲ್ಲಿ ಒಂದು ಪಾಲಿನಷ್ಟು ತಗ್ಗಿದರೂ ಶಾಖ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತಗ್ಗುವುದು ಈ ವರ್ಗಸಂಬಂಧದಿಂದಾಗಿಯೇ.

ಸಡಿಲ ಜೋಡಣೆ ಮತ್ತು ತಂತಿಗಳಲ್ಲಿನ ನಷ್ಟ

ಇದೇ ಗೀಸರ್‌ನ ಪ್ಲಗ್ ಸಾಕೆಟ್ಟಿನಲ್ಲಿ ಸಡಿಲವಾಗಿ ಕುಳಿತು, ಆ ಸಂಪರ್ಕದಲ್ಲಿ ಕೇವಲ ಅರ್ಧ ಓಮ್ ರೋಧ ಸೇರಿಕೊಂಡಿತೆನ್ನಿ. ಮಂಡಲದ ಒಟ್ಟು ರೋಧ 26.9 ಓಮ್ ಆಗಿ, ಪ್ರವಾಹ ಸುಮಾರು 8.55 ಆಂಪಿಯರ್‌ಗೆ ಇಳಿಯುತ್ತದೆ. ಆಗ ಸಂಪರ್ಕದಲ್ಲಿ ಹುಟ್ಟುವ ಶಾಖ 8.55 × 8.55 × 0.5, ಅಂದರೆ ಸುಮಾರು 36 ವ್ಯಾಟ್. ಬೆಸುಗೆ ಹಾಕುವ ಸಣ್ಣ ಕಾವಿ 25 ವ್ಯಾಟ್‌ನಲ್ಲೇ ಸೀಸವನ್ನು ಕರಗಿಸುತ್ತದೆ ಎಂಬುದನ್ನು ನೆನೆದರೆ, ಸಾಕೆಟ್ಟಿನ ಪ್ಲಾಸ್ಟಿಕ್ ಕಪ್ಪಾಗಿ ಸುಡುವುದೇಕೆ ಎಂಬುದು ಸ್ಪಷ್ಟವಾಗುತ್ತದೆ. ಪ್ರವಾಹ ಹೆಚ್ಚುವ ಬದಲು ತುಸು ಕಡಿಮೆಯಾಗುವುದರಿಂದ ಫ್ಯೂಸ್ ಆಗಲಿ ಎಂ.ಸಿ.ಬಿ. ಆಗಲಿ ಇದನ್ನು ತಡೆಯಲಾರದು.

ದೂರದ ಸಾಗಣೆಯಲ್ಲಿಯೂ ಇದೇ ಲೆಕ್ಕ ನಿರ್ಣಾಯಕ. ಅಷ್ಟೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟೇಜ್‌ನಲ್ಲಿ ಕಳುಹಿಸಿದರೆ ಪ್ರವಾಹ ಹತ್ತರಲ್ಲೊಂದಾಗಿ, ತಂತಿಯಲ್ಲಿನ ನಷ್ಟ ನೂರರಲ್ಲೊಂದಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲು ಸಾಧ್ಯವಾದದ್ದು ಅಧಿಕ ವೋಲ್ಟೇಜ್‌ನ ಮಾರ್ಗದಿಂದ.

ಅಳತೆ

ಅಮ್ಮೀಟರನ್ನು ಮಂಡಲದೊಂದಿಗೆ ಸರಣಿಯಲ್ಲಿಯೂ ವೋಲ್ಟ್‌ಮೀಟರನ್ನು ಘಟಕಕ್ಕೆ ಸಮಾಂತರವಾಗಿಯೂ ಜೋಡಿಸಬೇಕು. ಅಮ್ಮೀಟರಿನ ಸ್ವಂತ ರೋಧ ಅತ್ಯಲ್ಪ. ಅದನ್ನು ತಪ್ಪಿ ವಿದ್ಯುದಾಕರಕ್ಕೆ ಸಮಾಂತರವಾಗಿ ಜೋಡಿಸಿದರೆ ಭಾರಿ ಪ್ರವಾಹ ಹರಿದು ಉಪಕರಣ ಸುಡುವುದಲ್ಲದೆ ಬಳಸುವವರಿಗೂ ಅಪಾಯವಾಗುತ್ತದೆ. ಮನೆಯ 230 ವೋಲ್ಟ್ ಮಾರ್ಗದಲ್ಲಿ ವಿದ್ಯಾರ್ಥಿಗಳು ಇಂತಹ ಪ್ರಯೋಗ ಮಾಡಬಾರದು; ಶುಷ್ಕಕೋಶಗಳೇ ಸಾಕು. ಮಲ್ಟಿಮೀಟರಿನಿಂದ ರೋಧವನ್ನು ನೇರವಾಗಿ ಅಳೆಯುವಾಗ ಮಂಡಲದಲ್ಲಿ ವಿದ್ಯುತ್ ಇರಕೂಡದು.

ಮಿತಿಗಳು

ಉಷ್ಣತೆ ಸ್ಥಿರವಾಗಿದ್ದಾಗ ಲೋಹದ ವಾಹಕಗಳು ಓಮ್ ನಿಯಮವನ್ನು ಪಾಲಿಸುತ್ತವೆ. 230 ವೋಲ್ಟ್‌ನ 60 ವ್ಯಾಟ್ ತಂತುದೀಪ ಉರಿಯುತ್ತಿರುವಾಗ ಅದರ ರೋಧ ಸುಮಾರು 880 ಓಮ್. ತಣ್ಣಗಿರುವಾಗ ಅದು ಹತ್ತರಲ್ಲೊಂದು ಪಾಲಿಗೂ ಕಡಿಮೆ. ಸ್ವಿಚ್ ಹಾಕಿದ ಕ್ಷಣದಲ್ಲಿ ದೊಡ್ಡ ಪ್ರವಾಹ ನುಗ್ಗುವುದರಿಂದ ಹಳೆಯ ಬಲ್ಬುಗಳು ಹೆಚ್ಚಾಗಿ ಆಗಲೇ ಹೋಗುತ್ತಿದ್ದವು. ಡಯೋಡ್ ಮತ್ತು ಎಲ್.ಇ.ಡಿ.ಗಳಲ್ಲಿ ಪ್ರವಾಹ ವೋಲ್ಟೇಜ್‌ಗೆ ಅನುಪಾತದಲ್ಲಿರುವುದಿಲ್ಲ.

ಪರ್ಯಾಯ ವಿದ್ಯುತ್ತಿನಲ್ಲಿ ಓಡುವ ಮೋಟರುಗಳಲ್ಲಿ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಸಿಗುವುದು ಬರಿಯ ರೋಧವಲ್ಲ, ಇಂಪೀಡೆನ್ಸ್. ಅಲ್ಲಿ ಸಾಮರ್ಥ್ಯವನ್ನು ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು: ಏಕಫೇಸಿನ ಪಂಪೊಂದು 230 ವೋಲ್ಟ್‌ನಲ್ಲಿ 4 ಆಂಪಿಯರ್ ಎಳೆಯುತ್ತಿದ್ದು ಅದರ ಪವರ್ ಫ್ಯಾಕ್ಟರ್ 0.8 ಇದ್ದರೆ, ಅದು ಬಳಸುವುದು 920 ಅಲ್ಲ, 736 ವ್ಯಾಟ್.