ಬ್ಲೂಝಡ್
ಬ್ಲೂಝಡ್: ಲಿನಕ್ಸ್ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಸಂಪರ್ಕವನ್ನು ನಿರ್ವಹಿಸುವ ಮುಕ್ತ ತಂತ್ರಾಂಶ. ಕ್ವಾಲ್‌ಕಾಮ್ ಸಂಸ್ಥೆಯಲ್ಲಿ ಮ್ಯಾಕ್ಸ್ ಕ್ರಾಸ್ನ್ಯಾನ್‌ಸ್ಕಿ ರೂಪಿಸಿದ ಇದು 2001ರಲ್ಲಿ ಜಿಪಿಎಲ್ ಪರವಾನಗಿಯಡಿ ಬಿಡುಗಡೆಯಾಗಿ, ಅದೇ ವರ್ಷ ಲಿನಕ್ಸ್ ಕರ್ನಲ್‌ಗೆ ಸೇರಿತು. ಇದರ ಕೆಲಸಕ್ಕೆ ಅಡ್ಡಿಯಾಗುವವುಗಳಲ್ಲಿ ಯಂತ್ರಾಂಶದ ದೋಷಗಳೂ ಸೇರಿವೆ. ಉದಾಹರಣೆಗೆ, ಸಿಎಸ್‌ಆರ್ ಕಂಪನಿಯ ಬ್ಲೂಟೂತ್ ಚಿಪ್‌ಗಳನ್ನು ನಕಲು ಮಾಡಿದ ಅಗ್ಗದ ಡಾಂಗಲ್‌ಗಳು ಅಸಲಿಯ ಗುರುತು ಸಂಖ್ಯೆ 0ಎ12:0001 ಅನ್ನೇ ತೋರಿಸುತ್ತವೆ. ಅವುಗಳಲ್ಲಿ ಹಲವು ತಮಗಿಲ್ಲದ ಸಾಮರ್ಥ್ಯ ಇದೆಯೆಂದು ವರದಿ ಮಾಡುತ್ತವೆ. ಉಳಿಸಿಟ್ಟ ಜೋಡಣೆ ಕೀಲಿಯನ್ನು ಅಳಿಸುವ ಆದೇಶ ಬಂದರೆ ಆರಂಭದಲ್ಲೇ ಕೈಕೊಡುತ್ತವೆ. ದೋಷ ಚಿಪ್‌ನೊಳಗೇ ಇರುವುದರಿಂದ ತಂತ್ರಾಂಶ ಅದನ್ನು ನೀಗಿಸಲಾರದು. ಹಾಗಾಗಿ ಆವೃತ್ತಿ ಸಂಖ್ಯೆಗಳು ಪರಸ್ಪರ ಹೊಂದದಿರುವುದರಿಂದ ನಕಲನ್ನು ಪತ್ತೆಹಚ್ಚಿ, ಅದಕ್ಕೆ ಆ ಆದೇಶ ಹೋಗದಂತೆ ಕರ್ನಲ್‌ನಲ್ಲಿ ವಿನಾಯಿತಿ ಬರೆಯಬೇಕಾಗುತ್ತದೆ. ಅಂಥ ಡಾಂಗಲ್ ಕೈಯಲ್ಲಿಲ್ಲದ ಅಭಿವೃದ್ಧಿಕಾರರಿಗೆ ಬಳಕೆದಾರರು ದಾಖಲಿಸಿ ಕಳುಹಿಸುವ ಲಾಗ್‌ಗಳೇ ಆಧಾರ.