ಚಿತ್ರಹಿಂಸೆಗೆ ಸಹಿ ಹಾಕಿದವರು

2002ರ ಡಿಸೆಂಬರ್ 2ರಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಒಂದು ಟಿಪ್ಪಣಿಗೆ ಸಹಿ ಹಾಕಿದರು. ಗ್ವಾಂಟನಾಮೊ ಸೆರೆಮನೆಯಲ್ಲಿ ಕೈದಿಗಳ ಬಾಯಿ ಬಿಡಿಸಲು ಏನೇನು ಮಾಡಬಹುದು ಎಂಬ ಪಟ್ಟಿ ಅದು. ಬಟ್ಟೆ ಬಿಚ್ಚಿಸುವುದು, ತಲೆಗೆ ಮುಸುಕು ಹಾಕುವುದು, 20 ಗಂಟೆ ಪ್ರಶ್ನಿಸುವುದು, ನಾಯಿಗೆ ಹೆದರುವವನ ಮುಂದೆ ನಾಯಿ ತರುವುದು, 4 ಗಂಟೆಯವರೆಗೆ ನಿಲ್ಲಿಸುವುದು. ಸಹಿಯಷ್ಟಕ್ಕೇ ಬಿಡದೆ ರಮ್ಸ್‌ಫೆಲ್ಡ್ ಕೆಳಗೆ ಕೈಬರಹದಲ್ಲಿ ಒಂದು ಷರಾ ಗೀಚಿದರು: ನಾನೇ ದಿನಕ್ಕೆ 8ರಿಂದ 10 ಗಂಟೆ ನಿಂತಿರುತ್ತೇನೆ, ಇವರಿಗೆ ಮಾತ್ರ 4 ಗಂಟೆಯ ಮಿತಿ ಯಾಕೆ ಎಂದು ಅದರ ಅರ್ಥ. ನೌಕಾಪಡೆಯ ಮುಖ್ಯ ವಕೀಲ ಆಲ್ಬರ್ಟೊ ಮೋರಾ ಪಟ್ಟುಹಿಡಿದು ವಿರೋಧಿಸಿದ್ದರಿಂದ ಆರು ವಾರಗಳಲ್ಲಿ ಆ ಒಪ್ಪಿಗೆ ವಾಪಸಾಯಿತು. ಸಹಿ ಮತ್ತು ಷರಾ ಕಡತದಲ್ಲಿ ಉಳಿದವು. 2021ರಲ್ಲಿ ರಮ್ಸ್‌ಫೆಲ್ಡ್ ತೀರಿಕೊಂಡಾಗ ಅವರ ಮೇಲೆ ಯಾವ ಕ್ರಿಮಿನಲ್ ಮೊಕದ್ದಮೆಯೂ ಇರಲಿಲ್ಲ.

ಲಾಕಪ್ಪಿನಲ್ಲಿ ಹೊಡೆದವನನ್ನು ಕಟಕಟೆಗೆ ತರುವುದು ಕಷ್ಟ. ಹೊಡೆಯಲು ಹೇಳಿದ ಮಂತ್ರಿಯನ್ನೋ ಅಧ್ಯಕ್ಷನನ್ನೋ ತರುವುದು ಇನ್ನೂ ಕಷ್ಟ. ಕಳೆದ ಐವತ್ತು ವರ್ಷಗಳಲ್ಲಿ ಈ ಎರಡನೆಯ ಕೆಲಸಕ್ಕೆಂದೇ ಕಾನೂನಿನ ಒಂದು ಶಾಖೆ ಬೆಳೆದಿದೆ. ಅದರ ಚರಿತ್ರೆ ಓದಿದಾಗ ನನಗೆ ಕಾಣುವುದಿಷ್ಟು: ಕಾನೂನು ಬೇಗ ಬೆಳೆಯಿತು, ಸಾಕ್ಷ್ಯವೂ ರಾಶಿ ಬಿತ್ತು, ಕೊರತೆ ಬಿದ್ದದ್ದು ಅಧಿಕಾರ ಕಳೆದುಕೊಂಡ ಆರೋಪಿಗಳಿಗೆ.

ನ್ಯೂರೆಂಬರ್ಗ್‌ನಿಂದ ಕಥೆ ಶುರು ಮಾಡುವುದು ವಾಡಿಕೆ. ಅಲ್ಲಿಂದ ನಾವು ಎತ್ತಿಕೊಳ್ಳಬೇಕಾದದ್ದು 1947ರ ಒಂದೇ ವಿಚಾರಣೆ. ಆಗ ಕಟಕಟೆಯಲ್ಲಿ ನಿಂತವರು ನಾಜಿ ಜರ್ಮನಿಯ ನ್ಯಾಯಾಧೀಶರು, ಕಾನೂನು ಇಲಾಖೆಯ ಅಧಿಕಾರಿಗಳು. ಕಾಗದದ ಮೇಲೆ ಅಪರಾಧಕ್ಕೆ ಕಾನೂನಿನ ಅಂಗಿ ತೊಡಿಸಿದವರೂ ಅಪರಾಧಿಗಳೇ ಎಂದು ಆ ತೀರ್ಪು ಹೇಳಿತು. ಅಮೆರಿಕದ ನ್ಯಾಯಾಧೀಶರೇ ಕೊಟ್ಟ ತೀರ್ಪು ಎಂಬುದು ಮುಂದೆ ಬೇಕಾಗುತ್ತದೆ, ನೆನಪಿಡಿ.

ಚಿತ್ರಹಿಂಸೆಯನ್ನೇ ಮುಖ್ಯ ಆರೋಪವಾಗಿಟ್ಟ ದೊಡ್ಡ ವಿಚಾರಣೆ ಮೊದಲು ನಡೆದದ್ದು ಗ್ರೀಸ್‌ನಲ್ಲಿ. 1967ರಿಂದ 1974ರವರೆಗೆ ಅಲ್ಲಿ ಸೇನಾ ಕರ್ನಲ್‌ಗಳ ಆಳ್ವಿಕೆ. ಅದು ಬಿದ್ದ ಮರುವರ್ಷವೇ ಅಥೆನ್ಸ್‌ನಲ್ಲಿ ಮಿಲಿಟರಿ ಪೊಲೀಸ್ ದಳದ 14 ಅಧಿಕಾರಿಗಳು ಮತ್ತು 18 ಸಿಪಾಯಿಗಳು ವಿಚಾರಣೆಗೆ ನಿಂತರು. ಆದರೆ ಸರ್ವಾಧಿಕಾರಿ ಪಾಪಡೋಪೌಲೋಸ್‌ಗೆ ಶಿಕ್ಷೆಯಾದದ್ದು ಬೇರೆ ಮೊಕದ್ದಮೆಯಲ್ಲಿ, ಅದೂ ರಾಜದ್ರೋಹಕ್ಕೆ. ಹೊಡೆದವರಿಗೆ ಹೊಡೆದದ್ದಕ್ಕೆ, ಆಳಿದವರಿಗೆ ಕುರ್ಚಿ ಕಿತ್ತುಕೊಂಡದ್ದಕ್ಕೆ ಶಿಕ್ಷೆ. ಈ ಎರಡನ್ನೂ ಕೂಡಿಸುವ ಎಳೆ ಇನ್ನೂ ಸಿಕ್ಕಿರಲಿಲ್ಲ.

ಅದನ್ನು ಹಿಡಿದದ್ದು ಅರ್ಜೆಂಟೀನ. 1985ರಲ್ಲಿ ಬ್ಯೂನಸ್ ಐರಿಸ್‌ನ ನಾಗರಿಕ ನ್ಯಾಯಾಲಯ ದೇಶವನ್ನು ಆಳಿದ್ದ 9 ಮಂದಿ ಮಾಜಿ ಸೇನಾ ಕಮಾಂಡರ್‌ಗಳನ್ನು ವಿಚಾರಣೆಗೆ ಕೂರಿಸಿತು. ಅವರಲ್ಲಿ ದೇಶದ ಮಾಜಿ ಅಧ್ಯಕ್ಷರೂ ಇದ್ದರು. 800ಕ್ಕೂ ಹೆಚ್ಚು ಸಾಕ್ಷಿಗಳು ಬಂದು ವಿದ್ಯುತ್ ಶಾಕ್, ಮುಸುಕು, ಕಾಣೆಯಾದ ಮಕ್ಕಳ ಬಗ್ಗೆ ಹೇಳಿದರು. ಸರ್ಕಾರಿ ಟಿವಿ ದಿನಕ್ಕೆ ಕೆಲವೇ ನಿಮಿಷ ಆ ದೃಶ್ಯ ತೋರಿಸುತ್ತಿತ್ತು, ಅದೂ ಧ್ವನಿಯಿಲ್ಲದೆ. ಬ್ಯಾರಕ್ಕುಗಳ ಭಯ ಅಷ್ಟಿತ್ತು. ಕೋಣೆಯೊಳಗೆ ಯಾರು ಯಾರನ್ನು ಹೊಡೆದರು ಎಂಬುದು ಕಮಾಂಡರ್‌ಗಳಿಗೆ ಗೊತ್ತಿರಬೇಕಾಗಿಲ್ಲ, ಹೊಡೆಯುವ ವ್ಯವಸ್ಥೆಯನ್ನು ಕಟ್ಟಿ ನಡೆಸಿದ್ದೇ ಸಾಕು ಎಂಬ ವಾದ ಅಲ್ಲಿ ನಿಂತಿತು. ಐವರಿಗೆ ಶಿಕ್ಷೆಯಾಯಿತು, ಅವರಲ್ಲಿ ಮಾಜಿ ಅಧ್ಯಕ್ಷ ವಿಡೇಲಾ ಮತ್ತು ಕಮಾಂಡರ್ ಮಸ್ಸೇರಾಗೆ ಜೀವಾವಧಿ. ಬ್ಯಾರಕ್ಕುಗಳು 1987ರ ಈಸ್ಟರ್ ವಾರದಲ್ಲಿ ನಿಜವಾಗಿಯೂ ಗುಡುಗಿದವು, ಸೇನೆಯಲ್ಲಿ ದಂಗೆಯೆದ್ದಿತು. ಆಜ್ಞೆ ಪಾಲಿಸಿದವರನ್ನು ಮುಟ್ಟುವಂತಿಲ್ಲ ಎಂಬ ಕಾನೂನು ಬಂತು. ಮುಂದಿನ ಅಧ್ಯಕ್ಷ ಮೆನೆಮ್ ಶಿಕ್ಷೆಯಾದವರನ್ನೂ ಕ್ಷಮಿಸಿ ಬಿಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡವರೇ ಹೆಚ್ಚು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ರಕ್ಷಣೆಯ ಕಾನೂನುಗಳನ್ನು ಅಸಾಂವಿಧಾನಿಕ ಎಂದಿತು. ಅಲ್ಲಿಂದೀಚೆಗೆ ಸಾವಿರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗಿದೆ. ವಿಡೇಲಾ 2013ರಲ್ಲಿ ಸತ್ತದ್ದು ಜೈಲಿನಲ್ಲಿ.

ಈ ನಡುವೆ 1984ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಚಿತ್ರಹಿಂಸೆ ವಿರುದ್ಧದ ಒಪ್ಪಂದವನ್ನು ಅಂಗೀಕರಿಸಿತು. ಅದರ ಎರಡು ಮಾತು ಮುಖ್ಯ. ಯುದ್ಧವಾಗಲಿ, ತುರ್ತು ಪರಿಸ್ಥಿತಿಯಾಗಲಿ, ಮೇಲಿನವರ ಆಜ್ಞೆಯಾಗಲಿ, ಯಾವುದೂ ಚಿತ್ರಹಿಂಸೆಗೆ ಸಮರ್ಥನೆಯಾಗದು. ಆರೋಪಿ ತನ್ನ ನೆಲದಲ್ಲಿ ಸಿಕ್ಕರೆ ಆ ದೇಶ ಒಂದೋ ವಿಚಾರಣೆಗೆ ಕ್ರಮ ಕೈಗೊಳ್ಳಬೇಕು, ಇಲ್ಲವೇ ಕೇಳುವ ದೇಶಕ್ಕೆ ಒಪ್ಪಿಸಬೇಕು.

ಈ ಎರಡನೆಯ ಮಾತಿಗೆ ಹಲ್ಲಿದೆ ಎಂದು ಜಗತ್ತಿಗೆ ಗೊತ್ತಾದದ್ದು 1998ರ ಅಕ್ಟೋಬರ್ 16ರ ರಾತ್ರಿ. ಬೆನ್ನಿನ ಶಸ್ತ್ರಚಿಕಿತ್ಸೆಗೆಂದು ಲಂಡನ್ನಿಗೆ ಬಂದಿದ್ದ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಷೆಯನ್ನು ಪೊಲೀಸರು ಆಸ್ಪತ್ರೆಯ ಹಾಸಿಗೆಯಲ್ಲೇ ಬಂಧಿಸಿದರು. ವಾರಂಟ್ ಕಳಿಸಿದ್ದು ಸ್ಪೇನಿನ ನ್ಯಾಯಾಧೀಶ ಬಾಲ್ತಸಾರ್ ಗಾರ್ಜೋನ್. ಮಾಜಿ ರಾಷ್ಟ್ರಾಧ್ಯಕ್ಷರಿಗೆ ಇರುವ ರಕ್ಷೆ ಚಿತ್ರಹಿಂಸೆಗೂ ಅನ್ವಯಿಸುತ್ತದೆಯೇ? ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಮೊದಲು 3-2ರಲ್ಲಿ ಇಲ್ಲ ಎಂದಿತು. ನ್ಯಾಯಮೂರ್ತಿಗಳಲ್ಲೊಬ್ಬರಿಗೆ ಆಮ್ನೆಸ್ಟಿ ಸಂಸ್ಥೆಯೊಂದಿಗೆ ನಂಟಿತ್ತೆಂದು ಆ ತೀರ್ಪೇ ರದ್ದಾಯಿತು. ಮತ್ತೆ ವಿಚಾರಣೆ ನಡೆದು 1999ರ ಮಾರ್ಚ್‌ನಲ್ಲಿ ಬಂದದ್ದು 6-1ರ ತೀರ್ಪು, ಅದೇ ಉತ್ತರ. ಆದರೆ ಅದರಲ್ಲೊಂದು ಕತ್ತರಿಯಿತ್ತು: ಬ್ರಿಟನ್ನಿಗೆ ಒಪ್ಪಂದ ಅನ್ವಯವಾದ 1988ರ ಡಿಸೆಂಬರ್ 8ರ ನಂತರದ ಕೃತ್ಯಗಳು ಮಾತ್ರ ಲೆಕ್ಕಕ್ಕೆ. ಪಿನೊಷೆ ಅಧಿಕಾರ ಹಿಡಿದ 1973ರಿಂದ ನಡೆದದ್ದರಲ್ಲಿ ಬಹುಪಾಲು ಹೀಗೆ ಉದುರಿಹೋಯಿತು. ಕೊನೆಗೆ ಅನಾರೋಗ್ಯದ ನೆಪದಲ್ಲಿ ಬಿಡುಗಡೆ. 2000ದ ಮಾರ್ಚ್ 3ರಂದು ಸ್ಯಾಂಟಿಯಾಗೊ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಇಳಿದ ಮುದುಕ, ಟಿವಿ ಕ್ಯಾಮೆರಾಗಳ ಎದುರಿಗೇ ಎದ್ದು ನಿಂತು ಸೇನಾಧಿಕಾರಿಗಳನ್ನು ಅಪ್ಪಿಕೊಂಡ. ಚಿಲಿಯ ನ್ಯಾಯಾಲಯಗಳು ಬೆನ್ನು ಹತ್ತಿದವು, ಶಿಕ್ಷೆ ಮಾತ್ರ ಆಗಲಿಲ್ಲ. 2004ರಲ್ಲಿ ಚಿಲಿಯ ಸರ್ಕಾರಿ ಆಯೋಗವೊಂದು ಹಿಂಸೆಗೊಳಗಾದ ರಾಜಕೀಯ ಕೈದಿಗಳೆಂದು 27 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಗುರುತಿಸಿತು. ಪಿನೊಷೆ 2006ರ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನದಂದೇ, ಆಸ್ಪತ್ರೆಯಲ್ಲಿ ಸತ್ತ.

ಪಿನೊಷೆ ಬಂಧನ ನೋಡಿ ಹುರುಪು ಬಂದವರಲ್ಲಿ ಆಫ್ರಿಕಾದ ಚಾಡ್ ದೇಶದವರೂ ಇದ್ದರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದೆನಿಸುವ ಪ್ರಕರಣ ಅವರದು. ಹಿಸ್ಸೇನ್ ಹಬ್ರೆ 1982ರಿಂದ 1990ರವರೆಗೆ ಚಾಡ್ ಆಳಿದವನು. ಲಿಬಿಯಾದ ಗಡಾಫಿಯ ಶತ್ರು ಎಂಬ ಕಾರಣಕ್ಕೆ ಅಮೆರಿಕ, ಫ್ರಾನ್ಸ್ ಎರಡರ ಬೆಂಬಲವೂ ಇತ್ತು. ರಾಜಧಾನಿ ಎನ್‌ಜಮೆನಾದಲ್ಲಿ ಫ್ರೆಂಚರ ಕಾಲದ ಒಂದು ಈಜುಕೊಳವಿತ್ತು. ಹಬ್ರೆಯ ರಾಜಕೀಯ ಪೊಲೀಸರು ಅದಕ್ಕೆ ಕಾಂಕ್ರೀಟ್ ಮುಚ್ಚಳ ಹಾಕಿ, ಒಳಗೆ ಗೋಡೆಗಳೆಬ್ಬಿಸಿ ನೆಲಮಾಳಿಗೆಯ ಜೈಲು ಮಾಡಿಕೊಂಡರು. ಜೈಲಿನಲ್ಲಿ ಸಾಯುವ ಹಂತಕ್ಕೆ ಬಂದಿದ್ದ ಸುಲೇಮಾನ್ ಗೆಂಗೆಂಗ್ ಎಂಬ ಲೆಕ್ಕಿಗ, ಬದುಕಿ ಹೊರಬಂದರೆ ನ್ಯಾಯಕ್ಕೆ ಹೋರಾಡುತ್ತೇನೆಂದು ಹರಕೆ ಹೊತ್ತ. ಹೊರಬಂದವನು ಏಳುನೂರಕ್ಕೂ ಹೆಚ್ಚು ಸಂತ್ರಸ್ತರ ಹೇಳಿಕೆ ಸಂಗ್ರಹಿಸಿ ಬಚ್ಚಿಟ್ಟ. 2001ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು ಪಾಳುಬಿದ್ದಿದ್ದ ಪೊಲೀಸ್ ಕಚೇರಿಗೆ ಹೋದಾಗ ನೆಲದ ತುಂಬ ಕಡತಗಳು ಚೆಲ್ಲಾಡಿದ್ದವು. ಅವುಗಳಲ್ಲಿ ಬಂಧನದಲ್ಲಿ ಸತ್ತ 1,208 ಜನರ ಹೆಸರುಗಳಿದ್ದವು. ನೇರವಾಗಿ ಹಬ್ರೆಗೇ ಕಳಿಸಿದ ವರದಿಗಳಿದ್ದವು.

ಹಬ್ರೆ ಸೆನೆಗಲ್‌ನಲ್ಲಿ ಹಾಯಾಗಿದ್ದ. ಸೆನೆಗಲ್ ಹತ್ತಕ್ಕೂ ಹೆಚ್ಚು ವರ್ಷ ಕಾಲ ತಳ್ಳಿತು. ಅವನನ್ನು ಒಪ್ಪಿಸಿ ಎಂದು ಕೇಳಿದ್ದ ಬೆಲ್ಜಿಯಂ ಅಂತರರಾಷ್ಟ್ರೀಯ ನ್ಯಾಯಾಲಯದ ಕದ ತಟ್ಟಿತು. 2012ರಲ್ಲಿ ಆ ನ್ಯಾಯಾಲಯ, ವಿಳಂಬ ಮಾಡದೆ ವಿಚಾರಣೆಗೆ ಒಪ್ಪಿಸಿ, ಇಲ್ಲವೇ ಹಸ್ತಾಂತರಿಸಿ ಎಂದಿತು. ಡಕಾರ್‌ನಲ್ಲಿ ಆಫ್ರಿಕಾ ಒಕ್ಕೂಟದ ಬೆಂಬಲದ ವಿಶೇಷ ನ್ಯಾಯಾಲಯ ಕೂತು 2016ರ ಮೇ 30ರಂದು ಹಬ್ರೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಒಂದು ದೇಶದ ಮಾಜಿ ಮುಖ್ಯಸ್ಥನಿಗೆ ಇನ್ನೊಂದು ದೇಶದ ನ್ಯಾಯಾಲಯ ಇಂಥ ಅಪರಾಧಗಳಿಗಾಗಿ ಶಿಕ್ಷೆ ಕೊಟ್ಟದ್ದು ಅದೇ ಮೊದಲು. ಸಂತ್ರಸ್ತರಿಗೆ ಘೋಷಿಸಿದ ಪರಿಹಾರದ ಬಹುಪಾಲು ಇನ್ನೂ ಕೈಸೇರಿಲ್ಲ.

ಪೆರುವಿನ ಮಾಜಿ ಅಧ್ಯಕ್ಷ ಫುಜಿಮೋರಿಗೆ 2009ರಲ್ಲಿ, ಸ್ವಂತ ದೇಶದಲ್ಲೇ, 25 ವರ್ಷ ಬಿತ್ತು. ಅದು ಮುಖ್ಯವಾಗಿ ಹತ್ಯೆ, ಅಪಹರಣಗಳ ಪ್ರಕರಣ. ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿಯೊಬ್ಬನಿಗೆ 2022ರಲ್ಲಿ ಜರ್ಮನಿಯ ಕೋಬ್ಲೆಂಜ್ ನ್ಯಾಯಾಲಯ ಜೀವಾವಧಿ ಕೊಟ್ಟಿತು.

ಈಗ ಅಮೆರಿಕ. ಮಿಕ್ಕ ಕಡೆಯೆಲ್ಲ ಆಜ್ಞೆ ಕೊಟ್ಟವನ ಕೈಬರಹ ಹುಡುಕಲು ವರ್ಷಗಟ್ಟಲೆ ಪಾಳುಕಟ್ಟಡ ತಡಕಬೇಕಾಯಿತು. ಇಲ್ಲಿ ಎಲ್ಲವೂ ಟೈಪಾಗಿ, ದಿನಾಂಕ ಸಮೇತ ಇದೆ. 2002ರ ಆಗಸ್ಟ್ 1ರಂದು ನ್ಯಾಯ ಇಲಾಖೆಯ ಜಾನ್ ಯೂ ಮುಂತಾದವರು ಬರೆದು ಜೇ ಬೈಬಿ ಸಹಿ ಹಾಕಿದ ಅಭಿಪ್ರಾಯಪತ್ರ, ಅಂಗಾಂಗ ವೈಫಲ್ಯದಷ್ಟು ಅಥವಾ ಸಾವಿನಷ್ಟು ತೀವ್ರ ನೋವಾದರೆ ಮಾತ್ರ ಅದು ಚಿತ್ರಹಿಂಸೆ ಎಂದಿತು. ಅದೇ ದಿನದ ಇನ್ನೊಂದು ಪತ್ರ ಅಬು ಜುಬೇದಾ ಎಂಬ ಕೈದಿಗೆ ಏನೇನು ಮಾಡಬಹುದೆಂದು ಪಟ್ಟಿ ಕೊಟ್ಟಿತು. ಹುಳುವಿಗೆ ಹೆದರುವ ಅವನನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಒಳಗೆ ಹುಳು ಬಿಡಬಹುದು ಎನ್ನುವವರೆಗೆ. ಆ ತಿಂಗಳು ಅವನ ಮುಖಕ್ಕೆ ಬಟ್ಟೆ ಹೊದಿಸಿ 83 ಸಲ ನೀರು ಸುರಿದು ಉಸಿರುಗಟ್ಟಿಸಿದರು. ವಾಟರ್‌ಬೋರ್ಡಿಂಗ್‌ಗೆ ಒಪ್ಪಿಗೆ ಕೊಟ್ಟದ್ದು ತಾವೇ ಎಂದು ಜಾರ್ಜ್ ಬುಷ್ 2010ರ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡರು.

ಆದದ್ದೇನು? ಅಬು ಘ್ರೈಬ್ ಜೈಲಿನ ಫೋಟೊಗಳು 2004ರಲ್ಲಿ ಬಯಲಾದ ಮೇಲೆ 11 ಸಿಪಾಯಿಗಳಿಗೆ ಶಿಕ್ಷೆಯಾಯಿತು. ಬೈಬಿ ಫೆಡರಲ್ ನ್ಯಾಯಾಧೀಶರಾದರು. ಯೂ ಬರ್ಕ್ಲಿಯಲ್ಲಿ ಕಾನೂನು ಪಾಠ ಮಾಡಿದರು. ಒಬಾಮಾ ಬಂದವರೇ, ಹಿಂದೆ ನೋಡುವುದಕ್ಕಿಂತ ಮುಂದೆ ನೋಡೋಣ ಎಂಬ ಧಾಟಿ ಹಿಡಿದರು. ವಕೀಲರ ಸಲಹೆ ನಂಬಿ ನಡೆದ ಅಧಿಕಾರಿಗಳನ್ನು ಮುಟ್ಟುವುದಿಲ್ಲ ಎಂದರು. ವಿಶೇಷ ಪ್ರಾಸಿಕ್ಯೂಟರ್ ಜಾನ್ ಡರ್ಹಮ್ ತನಿಖೆ 2012ರಲ್ಲಿ ಒಂದೂ ಆರೋಪಪಟ್ಟಿಯಿಲ್ಲದೆ ಮುಗಿಯಿತು. 2014ರ ಡಿಸೆಂಬರ್‌ನಲ್ಲಿ ಸೆನೆಟ್ ಸಮಿತಿ 6,700 ಪುಟಗಳ ವರದಿಯ 500ಕ್ಕೂ ಹೆಚ್ಚು ಪುಟಗಳ ಸಾರಾಂಶ ಹೊರಹಾಕಿ, ಸಿಐಎ ಹಿಡಿದಿಟ್ಟ 119 ಮಂದಿಯಲ್ಲಿ ಕನಿಷ್ಠ 26 ಜನರನ್ನು ತಪ್ಪಾಗಿ ಹಿಡಿಯಲಾಗಿತ್ತು ಎಂದಿತು. ಇನ್ನೂ ಒಂದು ಸಂಗತಿ ಹೇಳಬೇಕು. ಅಮೆರಿಕದ ಚಿತ್ರಹಿಂಸೆ ವಿರೋಧಿ ಕಾನೂನಿನಡಿ ಮೊದಲ ಶಿಕ್ಷೆಯಾದದ್ದು 2008ರಲ್ಲಿ, ಬುಷ್ ಇನ್ನೂ ಅಧ್ಯಕ್ಷರಾಗಿದ್ದಾಗ. ಅಪರಾಧಿ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ನ ಮಗ. ಕಾನೂನು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಪರರ ಮಕ್ಕಳ ಮೇಲೆ.

ಸಿಪಾಯಿ ಮೇಲಧಿಕಾರಿಯತ್ತ ಬೆರಳು ತೋರಿಸುತ್ತಾನೆ, ಮೇಲಧಿಕಾರಿ ಮಂತ್ರಿಯತ್ತ, ಮಂತ್ರಿ ವಕೀಲರತ್ತ, ವಕೀಲ ತಾನು ಅಭಿಪ್ರಾಯವಷ್ಟೇ ಕೊಟ್ಟೆ ಎನ್ನುತ್ತಾನೆ. 1947ರ ನ್ಯೂರೆಂಬರ್ಗ್ ತೀರ್ಪು ಮುಚ್ಚಿದ್ದು ಇದೇ ಕಂಡಿಯನ್ನು. ಯುರೋಪಿನ ಪ್ರಯತ್ನಗಳೂ ಅರ್ಧಕ್ಕೇ ನಿಂತವು. ಮಿಲಾನಿನ ಬೀದಿಯಿಂದ ಇಮಾಮರೊಬ್ಬರನ್ನು ಅಪಹರಿಸಿದ್ದಕ್ಕೆ ಇಟಲಿ 2009ರಲ್ಲಿ 23 ಅಮೆರಿಕನ್ನರಿಗೆ ಗೈರುಹಾಜರಿಯಲ್ಲಿ ಶಿಕ್ಷೆ ವಿಧಿಸಿತು. ರಮ್ಸ್‌ಫೆಲ್ಡ್ ವಿರುದ್ಧದ ದೂರುಗಳನ್ನು ಜರ್ಮನಿ ತಳ್ಳಿಹಾಕಿತು. ಹೊರದೇಶದ ಆರೋಪಿಗಳನ್ನೂ ವಿಚಾರಿಸಲು ಬಿಡುವ ತಮ್ಮ ಕಾನೂನುಗಳನ್ನೇ ಬೆಲ್ಜಿಯಂ, ಸ್ಪೇನ್ ಮೊಟಕುಗೊಳಿಸಿಕೊಂಡವು. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಅಫ್ಘಾನಿಸ್ತಾನದ ತನಿಖೆಗೆ ಅನುಮತಿ ಕೊಟ್ಟ 2020ರಲ್ಲೇ ಅದರ ಪ್ರಾಸಿಕ್ಯೂಟರ್ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಮರುವರ್ಷ ಬಂದ ಹೊಸ ಪ್ರಾಸಿಕ್ಯೂಟರ್ ಅಮೆರಿಕನ್ನರ ಭಾಗವನ್ನು ಬದಿಗಿಟ್ಟರು. 2024ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟ್, ಟ್ರಂಪ್ ಪ್ರಕರಣದಲ್ಲಿ, ಮಾಜಿ ಅಧ್ಯಕ್ಷರ ಅಧಿಕೃತ ಕೃತ್ಯಗಳಿಗೆ ವಿಶಾಲವಾದ ರಕ್ಷೆ ಕೊಟ್ಟ ಮೇಲೆ ಆ ದೇಶದೊಳಗಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ.

ವಿಚಾರಣೆ ಬೇಡ ಎನ್ನುವವರ ವಾದವೂ ಹಗುರವಲ್ಲ. 1991ರಲ್ಲಿ ಕಾನೂನು ವಿದ್ವಾಂಸೆ ಡಯಾನ್ ಓರೆಂಟ್ಲಿಕರ್, ಇಂಥ ಅಪರಾಧಗಳನ್ನು ಶಿಕ್ಷಿಸುವುದು ಹೊಸ ಸರ್ಕಾರಗಳ ಕರ್ತವ್ಯವೇ ಎಂದು ಬರೆದಾಗ, ಅರ್ಜೆಂಟೀನದ ವಿಚಾರಣೆಯ ಹಿಂದಿದ್ದ ಕಾರ್ಲೋಸ್ ನೀನೊ ಅವರೇ ಉತ್ತರ ಕೊಟ್ಟರು: ಎಳೆಯ ಪ್ರಜಾಪ್ರಭುತ್ವದ ಮೇಲೆ ಅಂಥ ಕಟ್ಟುಪಾಡು ಹೇರಿದರೆ ಅದು ಮುರಿದುಬೀಳಬಹುದು. 2003ರಲ್ಲಿ ವಿದ್ವಾಂಸರಾದ ಸ್ನೈಡರ್ ಮತ್ತು ವಿಂಜಮೂರಿ, ಮೊದಲು ರಾಜಕೀಯ ನೆಲ ಗಟ್ಟಿಯಾಗಲಿ ಎಂದರು. ಕ್ಯಾಥರಿನ್ ಸಿಕಿಂಕ್ 2011ರಲ್ಲಿ ಹಲವು ದೇಶಗಳ ದತ್ತಾಂಶ ಹಿಡಿದು, ವಿಚಾರಣೆ ನಡೆದ ಕಡೆ ದಬ್ಬಾಳಿಕೆ ಕಡಿಮೆಯಾಗಿದೆ ಎಂದು ವಾದಿಸಿದರು. ನನ್ನ ಮಟ್ಟಿಗೆ ನೀನೊ ಮಾತು ಬ್ಯಾರಕ್ಕು ಗುಡುಗುವ ದೇಶಕ್ಕೆ ಸರಿ. 2009ರ ವಾಷಿಂಗ್ಟನ್ನಿನಲ್ಲಿ ಯಾವ ಬ್ಯಾರಕ್ಕೂ ಗುಡುಗುತ್ತಿರಲಿಲ್ಲ. ಅಲ್ಲಿದ್ದದ್ದು ದಂಗೆಯ ಭಯವಲ್ಲ, ವಿರೋಧಪಕ್ಷದ ಜಗಳದ ಭಯ.

ಇದನ್ನೆಲ್ಲ ದೂರದ ಕಥೆಯೆಂದು ನಾವು ಓದುವಂತಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ತಲೆಮರೆಸಿಕೊಂಡಿದ್ದ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿ ಬಿಡಿಸಲು ಬೆಂಗಳೂರಿನ ಪೊಲೀಸರು ಅವರ ತಮ್ಮ ಲಾರೆನ್ಸ್‌ಗೆ ಚಿತ್ರಹಿಂಸೆ ಕೊಟ್ಟರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ಏದುಸಿರು ಬಿಡುತ್ತ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಇದ್ದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಅದೇ ತಿಂಗಳು ತೀರಿಕೊಂಡರು. ಆ ಜೈಲು ಇಂದಿನ ಫ್ರೀಡಂ ಪಾರ್ಕ್. ಪಕ್ಕದ ಕೇರಳದ ಕಕ್ಕಯಂ ಕ್ಯಾಂಪಿನಲ್ಲಿ ಬೆಂಚಿಗೆ ಕಟ್ಟಿಹಾಕಿ ತೊಡೆಯ ಮೇಲೆ ಒನಕೆ ಉರುಳಿಸುತ್ತಿದ್ದರು. ಅಲ್ಲಿಗೆ ಒಯ್ದ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನ ಶವವೂ ಸಿಗಲಿಲ್ಲ. ತಂದೆ ಈಚರ ವಾರಿಯರ್ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದರಿಂದ ಕರುಣಾಕರನ್ ಮುಖ್ಯಮಂತ್ರಿ ಪದವಿ ಬಿಡಬೇಕಾಯಿತು, ಕಾರಣ ಕೋರ್ಟಿಗೆ ಕೊಟ್ಟ ಸುಳ್ಳು ಪ್ರಮಾಣಪತ್ರ. ಮುಂದೆ ಅವರು ಮತ್ತೆ ಮುಖ್ಯಮಂತ್ರಿಯಾದರು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಇಂದಿರಾ ಗಾಂಧಿ ಒಪ್ಪಲಿಲ್ಲ. 1980ರಲ್ಲಿ ಅವರು ಗೆದ್ದು ಬಂದ ಮೇಲೆ ತುರ್ತು ಪರಿಸ್ಥಿತಿಯ ಮೊಕದ್ದಮೆಗಳು ನೆಲ ಕಚ್ಚಿದವು.

ಭಾರತ 1997ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿತು, ಅನುಮೋದಿಸಿಲ್ಲ. ಚಿತ್ರಹಿಂಸೆ ತಡೆ ಮಸೂದೆ 2010ರ ಮೇ 6ರಂದು ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆಯ ಆಯ್ಕೆ ಸಮಿತಿ ತಿದ್ದಿಯೂ ಕೊಟ್ಟಿತು, ಅಲ್ಲಿಗೆ ನಿಂತು ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯೊಂದಿಗೆ ಹೊಸ ಕರಡನ್ನೇ ಬರೆದುಕೊಟ್ಟಿತು. ಅದರ ಮೇಲೂ ಕಾನೂನು ಬರಲಿಲ್ಲ. ನಿಮ್ಮ ಸಂಸದರು ಮುಂದಿನ ಸಲ ಮತ ಕೇಳಲು ಮನೆಗೆ ಬಂದಾಗ, ಆ ಮಸೂದೆ ಏನಾಯಿತು ಎಂದು ಒಮ್ಮೆ ಕೇಳಿ.