ದಿಮ್ಮಿ ಸಾಗಿದ ದಾರಿ

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಹಳೆಯ ಕಲ್ಲುಸೇತುವೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಸಿದ್ಧವಾದ ಈ ಸೇತುವೆಗೆ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ಇಷ್ಟೇ ಅದರ ರಚನೆ. ಕಟ್ಟಿದವರ ಕಣ್ಣ ಮುಂದೆ ಇದ್ದುದು ಎತ್ತಿನ ಗಾಡಿ, ಕುದುರೆ, ಫಿರಂಗಿ. ಮೋಟಾರು ಲಾರಿಯನ್ನು ಅವರು ಕನಸಿನಲ್ಲಿಯೂ ಕಂಡವರಲ್ಲ. ಆದರೂ ಬಹುಕಾಲ ಬೆಂಗಳೂರಿಗೂ ಮೈಸೂರಿಗೂ ನಡುವಣ ಭಾರವೆಲ್ಲವೂ ಇದರ ಬೆನ್ನ ಮೇಲೆಯೇ ಸಾಗಿತು.

ಆ ಭಾರದಲ್ಲಿ ನಾಟಾ, ಎಂದರೆ ಕಡಿದ ಮರದ ದಿಮ್ಮಿಯೂ ಸೇರಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ಬಯಲುಸೀಮೆಯ ತಾಲ್ಲೂಕುಗಳು. ಇಲ್ಲಿ ಹೇಳಿಕೊಳ್ಳುವಂಥ ನಾಟಾ ಕಾಡಿಲ್ಲ. ಆದರೆ ಕಾಡಿರುವ ಹುಣಸೂರು, ಹೆಗ್ಗಡದೇವನಕೋಟೆ, ಕೊಡಗುಗಳಿಂದ ಮರ ಬೇಕಾಗಿರುವ ಊರುಗಳಿಗೆ ಹೋಗುವ ದಾರಿ ನಮ್ಮದು. 1799ರ ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಕಂಪನಿಯವರು ಶ್ರೀರಂಗಪಟ್ಟಣದಲ್ಲಿಯೇ ಫಿರಂಗಿ ಗಾಡಿಗಳನ್ನು ಮಾಡುವ ಕಾರ್ಖಾನೆಯನ್ನು ನಡೆಸಿದ್ದರು. ಅದಕ್ಕೆ ಒಳ್ಳೆಯ ಮರ ಬೇಕಾಗಿತ್ತು. ಎಳೆಯುವ ಎತ್ತಿಗೇನೂ ಇಲ್ಲಿ ಬಡತನವಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ಆ ತಳಿಯ ಎತ್ತುಗಳು ತೋಪನ್ನು ಎಳೆದು ಹೆಸರಾದವು.

ಗಾಡಿ ಹೊಡೆಯುವವನ ದಿನಚರಿಯನ್ನು ನಮ್ಮ ಹಿರಿಯರು ಹೇಳುತ್ತಿದ್ದುದು ನೆನಪಿದೆ. ಹೊರಡುವ ಮೊದಲು ಗುಂಬಕ್ಕೆ ಕೀಲೆಣ್ಣೆ ಹಾಕಬೇಕು. ಕಡಾಣಿ ಭದ್ರವಾಗಿದೆಯೇ ಎಂದು ಕೈಯಿಂದಲೇ ಅಲುಗಿಸಿ ನೋಡಬೇಕು. ಕಬ್ಬಿಣದ ಪಟ್ಟಾ ಸಡಿಲವಾಗಿದ್ದರೆ ಚಕ್ರವನ್ನು ನೀರಿನಲ್ಲಿ ನೆನೆಸಬೇಕು. ಎತ್ತಿನ ಹೆಗಲಿನಲ್ಲಿ ಬಾವು ಇದ್ದರೆ ಆ ದಿನ ನೊಗ ಹೂಡಬಾರದು. ರಾತ್ರಿಯಾದರೆ ಗಾಡಿಯ ಕೆಳಗೆ ಲಾಂದ್ರ ತೂಗುಹಾಕಬೇಕು. ಕಡಾಣಿಗೆ ಹಳಗಾಲದ ಹೆಸರು ಕಡೆಗೀಲು. ನೇಕಾರನಾದ ದೇವರ ದಾಸಿಮಯ್ಯನೂ ತನ್ನ ವಚನವೊಂದರಲ್ಲಿ ಈ ಪುಟ್ಟ ಕೀಲನ್ನು ನೆನೆದಿದ್ದಾನೆ. ಕನ್ನಡ ಪಂಡಿತನಿಗೆ ಇಂಥ ಮಾತು ಸಿಕ್ಕಿದರೆ ಅಲ್ಲಿಯೇ ನಿಂತುಬಿಡುವ ಚಾಪಲ್ಯ, ಮುಂದೆ ಹೋಗೋಣ.

ಗಮನಿಸಬೇಕಾದ ಸಂಗತಿಯೆಂದರೆ, ಹೆಚ್ಚಿನ ಗಾಡಿಗಳಲ್ಲಿ ಎತ್ತು ಯಾರದೋ ಗಾಡಿಯೂ ಅವನದೇ, ಹೊಡೆಯುವವನೂ ಅವನೇ. ಭಾರ ಹೆಚ್ಚಾದರೆ ಬಳಲುವುದು ಅವನ ಎತ್ತು, ಮುರಿಯುವುದು ಅವನ ಅಚ್ಚು. ಟನ್ನಿನ ಆಸುಪಾಸು ಹೇರಿದ ಮೇಲೆ ಎತ್ತೇ ನಿಂತುಬಿಡುತ್ತಿತ್ತು. ತೂಕದ ಮಿತಿಯನ್ನು ಹೇಳಲು ಸರ್ಕಾರ ಬೇಕಾಗಿರಲಿಲ್ಲ.

1882ರ ವೇಳೆಗೆ ಮೈಸೂರಿಗೆ ರೈಲು ಬಂದಿತು. ದೂರದ ಸಾಗಾಣಿಕೆ ಅದರ ಪಾಲಾದರೂ ನಿಲ್ದಾಣದವರೆಗೆ ತರುವ ಕೆಲಸ ಗಾಡಿಗೇ ಉಳಿಯಿತು. ಆಮೇಲೆ ಲಾರಿ ಬಂದಿತು. ಅದರೊಡನೆ ಒಡೆತನ ಹಂಚಿಹೋಯಿತು: ಮರ ಒಬ್ಬನದು, ಲಾರಿ ಇನ್ನೊಬ್ಬನದು, ಚಕ್ರದ ಮುಂದೆ ಕುಳಿತವನು ಮೂರನೆಯವನು. ಎಂಜಿನ್ನು ಎತ್ತಿನಂತೆ ನಿಂತು ತಕರಾರು ಹೇಳುವುದಿಲ್ಲ. ಹಿಂದೆ ಎತ್ತು ಹೇಳುತ್ತಿದ್ದುದನ್ನು ಹೇಳುವ ಹೊಣೆ ಕಾನೂನಿನ ಮೇಲೆ ಬಿದ್ದಿತು.

ಮಂಡ್ಯ ಪ್ರತ್ಯೇಕ ಜಿಲ್ಲೆಯಾದ 1939ನೆಯ ಇಸವಿಯಲ್ಲಿಯೇ ಬ್ರಿಟಿಷ್ ಇಂಡಿಯಾದ ಮೋಟಾರು ವಾಹನ ಕಾನೂನು ಹೊರಟಿತು. ಮೈಸೂರು ಆಗ ಬೇರೆ ಸಂಸ್ಥಾನ. ಸ್ವಾತಂತ್ರ್ಯಾನಂತರ, 1961ರಲ್ಲಿ, ಮೋಟಾರು ಸಾರಿಗೆ ಕೆಲಸಗಾರರ ಕಾನೂನು ಬಂದಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಎಡೆಬಿಡದೆ 5 ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆಯಾದರೂ ವಿಶ್ರಾಂತಿ. ಆದರೆ ಅದು ಐದು ಮಂದಿಯಾದರೂ ಕೆಲಸಗಾರರಿರುವ ಸಂಸ್ಥೆಗಳ ಮಾತು. ಒಂದೆರಡು ಲಾರಿ ಇಟ್ಟುಕೊಂಡವನ ಚಾಲಕನನ್ನು ಕೇಳುವವರಾರು? 1988ರ ಮೋಟಾರು ವಾಹನ ಕಾನೂನು ಈ ಕೊರತೆಯನ್ನು ಕಂಡು, ಸರಕು ವಾಹನ ನಡೆಸುವವರಿಗೆಲ್ಲ ಅದೇ ಗಂಟೆಗಳ ಲೆಕ್ಕವನ್ನು ಹೇಳಿತು. ಕಾಗದದ ಮೇಲೆ ಒಳ್ಳೆಯ ಕೆಲಸವೇ. ರಾತ್ರಿಯೆಲ್ಲ ಓಡಿಸಿ ಬೆಳಗಿನ ಜಾವ ಬೆಳ್ಳೂರು ಕ್ರಾಸಿನಲ್ಲಿ ಕೆಂಪು ಕಣ್ಣಿನಿಂದ ಚಹ ಕುಡಿಯುವವರನ್ನು ಕಂಡಾಗ ಮಾತ್ರ ಆ ಗಂಟೆಗಳನ್ನು ಎಣಿಸುವವರು ಯಾರೆಂಬ ಸಂದೇಹ ನನಗೆ ಬರುತ್ತದೆ.

ತೂಕದ ಮಾತಿಗೆ ಬರೋಣ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಮರುವರ್ಷದ ತಿದ್ದುಪಡಿಯಲ್ಲಿ ಮಿತಿ ಮೀರಿದರೆ 20,000 ರೂಪಾಯಿ ದಂಡ, ಹೆಚ್ಚಾದ ಟನ್ನೊಂದಕ್ಕೆ 2,000ದಂತೆ ಬೇರೆ. ಸರಕು ಅಗಲಕ್ಕೋ ಎತ್ತರಕ್ಕೋ ಹಿಂದಕ್ಕೋ ಮಿತಿ ಮೀರಿ ಚಾಚಿದರೂ 20,000. ಇಲ್ಲಿ ಕಾನೂನಿನ ಪದಗಳನ್ನು ನೋಡಬೇಕು: ಓಡಿಸಿದವನು, ಓಡಿಸುವಂತೆ ಮಾಡಿದವನು, ಓಡಿಸಲು ಬಿಟ್ಟವನು ಎಂದು ಮೂರು ಕ್ರಿಯೆಗಳನ್ನು ಅದು ಹೇಳುತ್ತದೆ. ರಸ್ತೆಯಲ್ಲಿ ಸಿಕ್ಕುವವನು ಮಾತ್ರ ಮೊದಲನೆಯವನೊಬ್ಬನೇ.

ಈಗ ನಮ್ಮ ಸೀಮೆಯ ಮರವೂ ಬೇರೆ. ನಾಗಮಂಗಲ, ಕೃಷ್ಣರಾಜಪೇಟೆಗಳ ಖುಷ್ಕಿ ಹೊಲಗಳಲ್ಲಿ ರೈತರು ನೀಲಗಿರಿಯನ್ನು ಬೆಳೆದರು. ಅಂತರ್ಜಲದ ಭಯದಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದರೂ ಹಿಂದೆ ನೆಟ್ಟಿದ್ದುದನ್ನು ಕಡಿದು ಸಾಗಿಸಬೇಕಲ್ಲವೆ? ಹಸಿ ನೀಲಗಿರಿ ಘನ ಮೀಟರಿಗೆ ಸುಮಾರು ಒಂದು ಟನ್ ತೂಗುತ್ತದೆ. ಒಣಗಿದ ಮರವನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಹೇರು ಕಡಮೆ ಕಾಣುತ್ತದೆ, ಅಚ್ಚಿಗೆ ಹಾಗಲ್ಲ. ತೊಗಟೆ ಸುಲಿದ ಹಸಿ ದಿಮ್ಮಿ ಒಂದರ ಮೇಲೊಂದು ಜಾರುವುದೂ ಉಂಟು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಲಾರಿಯ ಚಾಲಕ. ಪಾಂಡವಪುರದ ಹೊರಗೆ ಒಂದು ಬೆಳಗ್ಗೆ ಅವನ ಲಾರಿ ನಿಂತಿತ್ತು. “ಏನಪ್ಪ, ಕೆಟ್ಟಿದೆಯೇ?” ಎಂದೆ. “ಇಲ್ಲ ಮೇಷ್ಟ್ರೆ, ಸರಪಣಿ ಬಿಗಿ ಮಾಡ್ತಿವ್ನಿ” ಎಂದ. ಹೇರಿ ಹೊರಟ ಮೊದಲ ಹತ್ತಾರು ಮೈಲಿಯಲ್ಲಿ ದಿಮ್ಮಿಗಳು ಕುಲುಕಿ ಒತ್ತಾಗಿ ಕೂರುತ್ತವೆ. ಊರಿನಲ್ಲಿ ಬಿಗಿಯಾಗಿ ಕಟ್ಟಿದ ಸರಪಣಿ ಅಷ್ಟರಲ್ಲಿ ಸಡಿಲವಾಗಿರುತ್ತದೆ. ಆದುದರಿಂದ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಬ್ರೇಕಿನ ಗಾಳಿ, ಟೈರು, ಹಿಂಬದಿಯ ಕೆಂಪು ದೀಪ, ಹೊಳೆಯುವ ಪಟ್ಟಿ ಇವನ್ನೂ ಹೊರಡುವ ಮೊದಲು ನೋಡುತ್ತಾನಂತೆ. ಅರಣ್ಯ ಇಲಾಖೆಯ ರಹದಾರಿ ಕೆಲವು ಜಾತಿಯ ಮರಕ್ಕೆ ಬೇಕು, ಕೆಲವಕ್ಕೆ ವಿನಾಯಿತಿ. ಅದೂ ಅವನಿಗೆ ಬಾಯಿಪಾಠ. ವ್ಯಾಕರಣ ಅವನಿಗೆ ಎಂದೂ ಬಾಯಿಪಾಠವಾಗಲಿಲ್ಲ! ಬಾಡಿಗೆ ಟನ್ನಿನ ಲೆಕ್ಕವಾದ್ದರಿಂದ ಹೆಚ್ಚು ಹೇರು ಎನ್ನುವವರೇ ಎಲ್ಲರೂ. ಹೇರಿಸಿಕೊಳ್ಳದವನಿಗೆ ನಾಳೆ ಕೆಲಸವಿಲ್ಲ. “ಕಾಗ್ದ ಸರಿಯಿದ್ರೆ ಪೋಲೀಸ್ನೋರು ಬುಡ್ತಾರೆ ಮೇಷ್ಟ್ರೆ, ತಿರುವು ಬುಡಾಕಿಲ್ಲ” ಎಂದ.

ಅವನು ತಿರುವು ಎಂದಾಗ ನನ್ನ ಮನಸ್ಸಿಗೆ ಬಂದುದು ನಾಲೆಯ ಏರಿ. ಕನ್ನಂಬಾಡಿ ಅಣೆಕಟ್ಟಿನ ನೀರನ್ನು ತರುವ ವಿಶ್ವೇಶ್ವರಯ್ಯ ನಾಲೆ ನಮಗೆ ಅನ್ನ ಕೊಟ್ಟಿದೆ. ಅದರ ಮಗ್ಗುಲಿನ ಕಿರಿದಾದ ದಾರಿಗಳಲ್ಲಿ ಮೊದಲು ಓಡಾಡಿದುದು ಗಾಡಿ, ಸೈಕಲ್ಲು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ ಮೂವತ್ತು ಮಂದಿ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಮಕ್ಕಳೂ ಇದ್ದರು. ಮೇಷ್ಟರಾದವನು ಆ ದಿನವನ್ನು ಮರೆಯುವಂತಿಲ್ಲ. ಅದೇ ಬಗೆಯ ದಾರಿಗಳಲ್ಲಿ ದಿಮ್ಮಿ ಹೊತ್ತ ಲಾರಿ, ಕಬ್ಬು ಹೇರಿದ ಟ್ರಾಕ್ಟರು ಎದುರುಬದುರಾಗುತ್ತವೆ. ಒಂದಕ್ಕೆ ದಾರಿ ಬಿಡಲು ಇನ್ನೊಂದು ಏರಿಯ ಅಂಚಿಗೆ ಸರಿಯಬೇಕು.

ಇತ್ತ 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರಾಕ್ಟರುಗಳಿಗೂ ಎತ್ತಿನ ಗಾಡಿಗೂ ಪ್ರವೇಶವಿಲ್ಲ. ಇನ್ನೂರು ವರ್ಷ ದಾರಿ ಸವೆಸಿದ ಎತ್ತು ಪಕ್ಕದ ರಸ್ತೆಗೆ ಸರಿಯಿತು. ಲಾರಿಗೆ ಅಡ್ಡಿಯಿಲ್ಲ; ಆದರೆ ನಾಗಮಂಗಲದಿಂದಲೋ ಕಿಕ್ಕೇರಿಯ ಕಡೆಯಿಂದಲೋ ಹೊರಟ ಲಾರಿ ಆ ದೊಡ್ಡ ದಾರಿಯನ್ನು ಸೇರುವ ಮೊದಲು ನಮ್ಮ ಊರೂರುಗಳ ನಡುವೆಯೇ ಬರಬೇಕು.

ಆ ಬೆಳಗ್ಗೆ ಸರಪಣಿ ಬಿಗಿದಾದ ಮೇಲೆ ನನ್ನ ವಿದ್ಯಾರ್ಥಿ ಹಿಂದಿನ ಚಕ್ರಕ್ಕೆ ಕೊಟ್ಟಿದ್ದ ಎರಡು ದಪ್ಪ ಕಲ್ಲುಗಳನ್ನು ತೆಗೆದು ಚರಂಡಿಯ ಆಚೆಗೆ ಹಾಕಿದ. ಅವನ್ನು ರಸ್ತೆಯಲ್ಲಿಯೇ ಬಿಟ್ಟು ಹೋಗುವವರು ಬಹಳ. ಕತ್ತಲಲ್ಲಿ ಸೈಕಲ್ಲಿನವನು ಎಡವುವುದು ಅಂಥ ಕಲ್ಲಿಗೇ. ಹತ್ತು ಹೆಜ್ಜೆ ಹಿಂದೆ ಇನ್ನಾರೋ ಬಿಟ್ಟಿದ್ದ ಕಲ್ಲೊಂದು ಬಿದ್ದಿತ್ತು. ಅದನ್ನೂ ಎತ್ತಿ ಹಾಕಿ, ಕೈ ಒರೆಸಿಕೊಂಡು, ಲಾರಿ ಹತ್ತಿದ.